ನೆಮ್ಮದಿಯೂ ಒಂದು ಉಳಿತಾಯವೇ

(ನಮ್ಮ ಘಟಕದ ಕುಟುಂಬ ಸಮ್ಮಿಲನದಲ್ಲಿ ಮಾಡಿದ ಭಾಷಣದ ಬರಹ ರೂಪ)

"ವಯಸ್ಸು ಮತ್ತು ಆರೋಗ್ಯ" ಅಂತ ಒಂದು ವಿಷಯದ ಮೇಲೆ ನೀವು ಮಾತಾಡಬೇಕು ಎಂದು ಕಾರ್ಯದರ್ಶಿಯವರು ಫೋನ್ ಮಾಡಿದಾಗ ನನಗೆ ನಗು ಬಂತು. ನಾನು ಡಾಕ್ಟರ್ ಅಲ್ಲ. ಊರಲ್ಲಿ ಬಿ.ಕಾಂ. ಮುಗಿಸಿ, 25ನೇ ವಯಸ್ಸಿನಲ್ಲಿ ಈ ದಮ್ಮಾಮಿಗೆ ಬಂದು, 21 ವರ್ಷದಿಂದ ಬೇರೆಯವರ ಲೆಕ್ಕ ಬರೆಯುತ್ತಿರುವ ಒಬ್ಬ ಅಕೌಂಟೆಂಟ್. "ಡಾಕ್ಟರನ್ನೇ ಕರೆಯಿರಿ ಮಾರಾಯ್ರೆ" ಅಂದೆ. ಅವರು ಬಿಡಲಿಲ್ಲ. "ಡಾಕ್ಟರು ಹೇಳಿದ್ದನ್ನು ಎಲ್ಲರೂ ಕೇಳಿದ್ದಾರೆ. ನಿಮ್ಮದೇ ಕಥೆ ಉಂಟಲ್ಲ, ಅದನ್ನು ಹೇಳಿ" ಅಂದರು. ಹಾಗಾಗಿ ಇವತ್ತು ನನಗೆ ಗೊತ್ತಿರುವ ಲೆಕ್ಕದ ಭಾಷೆಯಲ್ಲೇ ನಾಲ್ಕು ಮಾತು ಹೇಳುತ್ತೇನೆ.

ಗಲ್ಫಿನಲ್ಲಿ ನಮಗೆ ವಯಸ್ಸಾಗುವ ರೀತಿಯೇ ಬೇರೆ. ಊರಲ್ಲಿ ಇರುವವರಿಗೆ ದಿನಾ ಸ್ವಲ್ಪ ಸ್ವಲ್ಪ ವಯಸ್ಸಾಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ನಮಗೆ ಎರಡು ವರ್ಷಕ್ಕೊಮ್ಮೆ, ಒಂದೇ ಸಲ ವಯಸ್ಸಾಗುತ್ತದೆ. ಬಜ್ಪೆ ಏರ್‌ಪೋರ್ಟಿನ ಹೊರಗೆ ಟ್ರಾಲಿ ತಳ್ಳಿಕೊಂಡು ಬರುವಾಗ ಮಗ ಓಡಿ ಬಂದು ಮೊದಲು ಹೇಳುವುದು, "ಉಪ್ಪಾ, ನಿಮ್ಮ ಗಡ್ಡ ಎಲ್ಲ ಬೆಳ್ಳಗಾಗಿದೆ!" ನಾವೂ ಉಮ್ಮನ ಮುಖ ನೋಡಿ ಒಂದು ಗಳಿಗೆ ಸುಮ್ಮನಾಗುತ್ತೇವೆ. ಹೌದಾ, ಅಲ್ವಾ?

ಇನ್ನೊಂದು ವಿಷಯ. ನಮ್ಮಲ್ಲಿ 45 ದಾಟಿದ ಕೂಡಲೇ ಒಂದು ಮಾತು ಶುರುವಾಗುತ್ತದೆ: "ನಮ್ಮದೆಲ್ಲ ಆಯ್ತು, ಇನ್ನು ಮಕ್ಕಳದ್ದು." ನಡೆಯುವುದು ಬೇಡ, ಹಲ್ಲು ತೋರಿಸುವುದು ಬೇಡ, ಹೊಸ ಕನ್ನಡಕ ಬೇಡ. ಎಲ್ಲವೂ "ಊರಿಗೆ ಹೋದ ಮೇಲೆ ನೋಡುವ." ಇಡೀ ಜೀವನವನ್ನೇ ನಾವು ಮುಂದಿನ ವರ್ಷದ ಲೆಕ್ಕಕ್ಕೆ ಕ್ಯಾರಿ ಫಾರ್ವರ್ಡ್ ಮಾಡುತ್ತಾ ಹೋಗುತ್ತೇವೆ.

ಈಗ ನನ್ನ ಕಥೆ. ಮೂರು ವರ್ಷದ ಹಿಂದೆ, ನನಗೆ 43 ಆಗಿದ್ದಾಗ, ರಾತ್ರಿ ಎರಡು ಗಂಟೆಗೆ ಎಚ್ಚರ ಆಗಲಿಕ್ಕೆ ಶುರುವಾಯಿತು. ಒಮ್ಮೆ ಎಚ್ಚರ ಆದರೆ ಫಜ್ರಿನವರೆಗೆ ನಿದ್ದೆ ಇಲ್ಲ. ಬೆಳಿಗ್ಗೆ ಆಫೀಸಿನಲ್ಲಿ ತಲೆನೋವು. ಸಣ್ಣ ತಪ್ಪಿಗೂ ಹುಡುಗರ ಮೇಲೆ ರೇಗುವುದು. ಒಂದು ದಿನ ಕ್ಲಿನಿಕ್ಕಿಗೆ ಹೋದರೆ ಬಿಪಿ 160ಕ್ಕೆ 100. ಡಾಕ್ಟರು ಮಾತ್ರೆ ಬರೆದರು. ಆಮೇಲೆ ಪೆನ್ನು ಕೆಳಗಿಟ್ಟು, "ಮನಸ್ಸಿಗೆ ಏನಾದರೂ ಚಿಂತೆ ಉಂಟಾ?" ಅಂತ ಕೇಳಿದರು. "ಏನೂ ಇಲ್ಲ ಡಾಕ್ಟ್ರೇ" ಅಂದೆ.

ಅದು ಸುಳ್ಳು. ಚಿಂತೆ ಇತ್ತು. ಊರಲ್ಲಿ ಮನೆ ಕಟ್ಟಿಸುತ್ತಿದ್ದೆ. ಎಸ್ಟಿಮೇಟ್ 28 ಲಕ್ಷ. ಮುಗಿಯುವಾಗ 41 ಲಕ್ಷ. ಹೆಚ್ಚಾದ 13 ಲಕ್ಷದಲ್ಲಿ 9 ಲಕ್ಷ ಇಬ್ಬರು ಸ್ನೇಹಿತರಿಂದ ಕೈಸಾಲ. ಉಳಿದ 4 ಲಕ್ಷ, ಮಗಳ ಕಾಲೇಜಿಗೆಂದು ಎತ್ತಿಟ್ಟ ಹಣ. ಈ ಎರಡೂ ವಿಷಯ ನನ್ನ ಹೆಂಡತಿಗೆ ಗೊತ್ತಿರಲಿಲ್ಲ. ದಿನಾ ಫೋನಿನಲ್ಲಿ "ಸುಖವಾ?" ಅಂತ ಕೇಳುತ್ತಿದ್ದಳು. "ಸುಖ" ಅಂತ ಹೇಳುತ್ತಿದ್ದೆ. ಕಂಪೆನಿಯ ಲೆಕ್ಕದಲ್ಲಿ ಒಂದು ರಿಯಾಲ್ ವ್ಯತ್ಯಾಸ ಬಂದರೂ ರಾತ್ರಿ ಕೂತು ಹುಡುಕುವವನು ನಾನು, ನನ್ನ ಮನೆಯ ಲೆಕ್ಕವನ್ನೇ ಮುಚ್ಚಿಟ್ಟಿದ್ದೆ.

ಈ ಒತ್ತಡ, ಅಂದರೆ ನಾವು ಟೆನ್ಶನ್ ಅನ್ನುವುದು, ದೇಹಕ್ಕೆ ಏನು ಮಾಡುತ್ತದೆ ಅಂತ ನಾನು ಆಮೇಲೆ ಓದಿ ತಿಳಿದುಕೊಂಡೆ. ಸರಳವಾಗಿ ಹೇಳುತ್ತೇನೆ. ದಾರಿಯಲ್ಲಿ ಒಂದು ನಾಯಿ ಅಟ್ಟಿಸಿಕೊಂಡು ಬಂದರೆ ನಮ್ಮ ಎದೆ ಡವಡವ ಹೊಡೆಯುತ್ತದೆ, ರಕ್ತದೊತ್ತಡ ಏರುತ್ತದೆ, ರಕ್ತಕ್ಕೆ ಹೆಚ್ಚು ಸಕ್ಕರೆ ಬರುತ್ತದೆ. ಕಾಲಿಗೆ ಓಡುವ ಶಕ್ತಿ ಸಿಗಲಿ ಅಂತ ದೇಹ ಮಾಡುವ ವ್ಯವಸ್ಥೆ ಇದು. ಅಡ್ರಿನಲಿನ್, ಕಾರ್ಟಿಸೋಲ್ ಎಂಬ ಹಾರ್ಮೋನುಗಳ ಕೆಲಸ. ನಾಯಿ ಹೋಯಿತು, ಎಲ್ಲ ಇಳಿಯಿತು. ತೊಂದರೆ ಇಲ್ಲ. ಆದರೆ ಸಾಲ, ಇಖಾಮ, ಮಗಳ ಮದುವೆ, ಕಂಪೆನಿ ಇಟ್ಟುಕೊಳ್ಳುತ್ತದೋ ಕಳಿಸುತ್ತದೋ ಎಂಬ ಯೋಚನೆ, ಇವೆಲ್ಲ ಹಿಂದೆ ಹೋಗದ ನಾಯಿಗಳು. ರಾತ್ರಿಯೂ ಮಂಚದ ಕೆಳಗೇ ಇರುತ್ತವೆ. ದೇಹ ಇಳಿಯುವುದೇ ಇಲ್ಲ. ನಿದ್ದೆ ಕೆಡುತ್ತದೆ, ಬಿಪಿ ಏರಿದ್ದು ಏರಿದಂತೆ ಇರುತ್ತದೆ, ಶುಗರ್ ಹತೋಟಿಗೆ ಬರುವುದಿಲ್ಲ, ರೋಗ ತಡೆಯುವ ಶಕ್ತಿ ಕಡಿಮೆಯಾಗುತ್ತದೆ.

ಲೆಕ್ಕದವನಿಗೆ ಇದು ಬೇಗ ಅರ್ಥವಾಯಿತು. ನಮ್ಮಲ್ಲಿ ಡಿಪ್ರಿಸಿಯೇಶನ್ ಅಂತ ಒಂದು ಉಂಟು, ಸವಕಳಿ. ಪ್ರತಿ ಮೆಶೀನಿಗೂ ವರ್ಷಕ್ಕೆ ಇಷ್ಟು ಅಂತ ಸವಕಳಿ ಬರೆಯುತ್ತೇವೆ. ಭಾರತದ 2013ರ ಕಂಪೆನಿ ಕಾಯ್ದೆಯಲ್ಲಿ ಒಂದು ನಿಯಮ ಉಂಟು: ಅನೇಕ ಮೆಶೀನುಗಳಿಗೆ, ಎರಡು ಶಿಫ್ಟಿನಲ್ಲಿ ಓಡಿಸಿದರೆ ಸವಕಳಿ 50 ಶೇಕಡಾ ಹೆಚ್ಚು ಬರೆಯಬೇಕು, ಮೂರು ಶಿಫ್ಟ್ ಆದರೆ 100 ಶೇಕಡಾ ಹೆಚ್ಚು. ನಾವು ಹಗಲು ಒಂದು ಶಿಫ್ಟ್ ಡ್ಯೂಟಿ ಮಾಡುತ್ತೇವೆ. ರಾತ್ರಿ ಮಲಗಿ ಚಿಂತೆಯ ಇನ್ನೊಂದು ಶಿಫ್ಟ್ ಮಾಡುತ್ತೇವೆ. ಅದಕ್ಕೆ ಓವರ್‌ಟೈಮ್ ಇಲ್ಲ, ಸವಕಳಿ ಮಾತ್ರ ಉಂಟು.

ಇದು ಬರೀ ಮಾತಲ್ಲ. ಅಮೆರಿಕದ ಒಹಾಯೊದಲ್ಲಿ ಸಂಶೋಧಕರು ಒಂದು ಸಣ್ಣ ಪರೀಕ್ಷೆ ಮಾಡಿ 1995ರಲ್ಲಿ ಪ್ರಕಟಿಸಿದರು. ನೆನಪು ಕಳೆದುಕೊಂಡ ಮನೆಯವರನ್ನು ವರ್ಷಗಟ್ಟಲೆ ನೋಡಿಕೊಳ್ಳುತ್ತಿದ್ದ ಹೆಂಗಸರು ಒಂದು ಕಡೆ, ಅದೇ ವಯಸ್ಸಿನ, ಅಂಥ ಹೊರೆ ಇಲ್ಲದ ಹೆಂಗಸರು ಇನ್ನೊಂದು ಕಡೆ. ಎಲ್ಲರ ತೋಳಿನಲ್ಲಿ ಒಂದೇ ಅಳತೆಯ ಸಣ್ಣ ಗಾಯ ಮಾಡಿ ನೋಡಿದರು. ಹೊರೆ ಹೊತ್ತವರ ಗಾಯ ಮಾಯಲು ಸರಾಸರಿ 9 ದಿನ ಹೆಚ್ಚು ಬೇಕಾಯಿತು. ಚಿಂತೆ ಮನಸ್ಸಿನಲ್ಲಿ, ಗಾಯ ತೋಳಿನಲ್ಲಿ. ಆದರೂ ಒಂದಕ್ಕೊಂದು ಸಂಬಂಧ ಉಂಟು.

ಇನ್ನೊಂದು ಅಧ್ಯಯನ ನಮಗೇ ಸಂಬಂಧಪಟ್ಟದ್ದು. ಇಂಟರ್‌ಹಾರ್ಟ್ ಅಂತ ಅದರ ಹೆಸರು. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾಯಿತು. ಹೃದಯಾಘಾತಕ್ಕೆ ಕಾರಣವಾಗುವ ಒಂಬತ್ತು ಸಂಗತಿಗಳನ್ನು ಅದು ಪಟ್ಟಿ ಮಾಡಿತು. ಬೀಡಿ ಸಿಗರೇಟು, ಬಿಪಿ, ಶುಗರ್, ಹೊಟ್ಟೆಯ ಬೊಜ್ಜು ಇವುಗಳ ಜೊತೆಗೇ ಮಾನಸಿಕ ಒತ್ತಡವೂ ಆ ಪಟ್ಟಿಯಲ್ಲಿದೆ. ಕೆಲಸದ ಒತ್ತಡ, ಮನೆಯ ಒತ್ತಡ, ಹಣಕಾಸಿನ ಒತ್ತಡ ಎಲ್ಲವನ್ನೂ ಕೇಳಿ ಲೆಕ್ಕ ಹಾಕಿದ್ದರು. ಅದೇ ಅಧ್ಯಯನದಲ್ಲಿ ಇನ್ನೊಂದು ಅಂಶ ಕಂಡಿತು: ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾ, ನೇಪಾಳದವರಿಗೆ ಮೊದಲ ಹೃದಯಾಘಾತ ಬರುವ ವಯಸ್ಸು ಸುಮಾರು 53. ಬೇರೆ ದೇಶಗಳವರಿಗೆ ಸುಮಾರು 59. ಆರು ವರ್ಷ ಮೊದಲೇ. ಈ ಸಭೆಯಲ್ಲಿ 50ರ ಆಸುಪಾಸಿನವರು ಎಷ್ಟು ಜನ ಇದ್ದೀರಿ ಅಂತ ನಾನು ಕೈ ಎತ್ತಿಸುವುದಿಲ್ಲ. ನಾವೆಲ್ಲ ಯಾವುದಾದರೂ ಒಂದು ರೂಮಿನಲ್ಲಿ ಬೆಳಿಗ್ಗೆ ಏಳದೇ ಹೋದ ಒಬ್ಬನನ್ನು ಕಂಡವರೇ. ಅವನ ಪೆಟ್ಟಿಗೆ ಕಟ್ಟಿ ಊರಿಗೆ ಕಳಿಸಿದವರೇ.

ಹೆದರಿಸಲಿಕ್ಕೆ ಹೇಳಿದ್ದಲ್ಲ. ಇನ್ನು ಒಳ್ಳೆಯ ಸುದ್ದಿ ಹೇಳುತ್ತೇನೆ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬೆಕ್ಕಾ ಲೆವಿ ಎಂಬ ಸಂಶೋಧಕಿ ಮತ್ತು ಅವರ ಸಂಗಡಿಗರು 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಹಾಯೊ ರಾಜ್ಯದ ಒಂದು ಊರಿನಲ್ಲಿ 50 ದಾಟಿದ 660 ಜನರನ್ನು ಹಿಂದೆ ಕೆಲವು ಪ್ರಶ್ನೆ ಕೇಳಿದ್ದರು. ವಯಸ್ಸಾಗುತ್ತಾ ನಾನು ಉಪಯೋಗಕ್ಕಿಲ್ಲದವನು ಆಗುತ್ತಿದ್ದೇನಾ, ಎಲ್ಲವೂ ಕೆಡುತ್ತಾ ಹೋಗುತ್ತಿದೆಯಾ, ಇಂಥ ಪ್ರಶ್ನೆಗಳು. ಎರಡು ದಶಕಕ್ಕೂ ಹೆಚ್ಚು ಕಾಲ ಆದ ಮೇಲೆ ಯಾರು ಎಷ್ಟು ಬದುಕಿದರು ಅಂತ ನೋಡಿದರೆ, ತಮ್ಮ ವಯಸ್ಸಿನ ಬಗ್ಗೆ ಒಳ್ಳೆಯ ಭಾವನೆ ಇದ್ದವರು ಸುಮಾರು ಏಳೂವರೆ ವರ್ಷ ಹೆಚ್ಚು ಬದುಕಿದ್ದರು. ಅವರ ಆರೋಗ್ಯ, ಆದಾಯ, ಒಂಟಿತನ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ವ್ಯತ್ಯಾಸ ಉಳಿಯಿತು. ಆಯುಷ್ಯ ಅಲ್ಲಾಹನ ಕೈಯಲ್ಲಿದೆ, ಅದರಲ್ಲಿ ಮಾತಿಲ್ಲ. ಆದರೆ "ನಮ್ಮದೆಲ್ಲ ಆಯ್ತು" ಎಂಬ ನಮ್ಮ ಮಾತು ಅಷ್ಟು ಹಗುರವಾದ ಮಾತಲ್ಲ ಅಂತ ನನಗೆ ಅನಿಸಿತು.

ನಮ್ಮ ರೂಮಿನಲ್ಲಿ ಒಬ್ಬರು ಕಾಕ ಇದ್ದರು. 30 ವರ್ಷ ಡ್ರೈವರ್ ಆಗಿದ್ದವರು. 60ಕ್ಕೆ ಕಂಪೆನಿ ಬಿಟ್ಟು ಹೊರಡುವಾಗ ನಾವು ಬಿರಿಯಾನಿ ಮಾಡಿ ಬೀಳ್ಕೊಟ್ಟೆವು. ಒಬ್ಬ ಹುಡುಗ, "ಕಾಕಾ, ಎಲ್ಲ ಮುಗೀತಲ್ಲ ಇನ್ನು" ಅಂದ. ಕಾಕ ತಟ್ಟೆಯಿಂದ ತಲೆ ಎತ್ತದೆ, "ಮುಗಿಯುವುದು ಎಂತದ್ದು? ನನಗೆ ಊರಿಗೆ ಟ್ರಾನ್ಸ್‌ಫರ್ ಆದದ್ದು" ಅಂದರು. ಊರಿಗೆ ಹೋದ ಮೊದಲ ಮೂರು ತಿಂಗಳು ಅವರಿಗೂ ಕಷ್ಟವೇ ಆಯಿತಂತೆ. ಮನೆಯವರಿಗೆ ಅವರು ನೆಂಟರ ಹಾಗೆ, ಅವರಿಗೆ ಮನೆ ಲಾಡ್ಜಿನ ಹಾಗೆ. ಆದರೆ ಸುಮ್ಮನೆ ಕೂರಲಿಲ್ಲ. ಮನೆ ಹಿಂದೆ ಬಸಳೆ, ಅಲಸಂಡೆ ಹಾಕಿದರು. ಮೊಮ್ಮಕ್ಕಳನ್ನು ಶಾಲೆಯ ಬಸ್ಸಿಗೆ ಬಿಡುವ ಕೆಲಸ ತಾನೇ ವಹಿಸಿಕೊಂಡರು. ಕಳೆದ ರಜೆಯಲ್ಲಿ ನೋಡಲು ಹೋದರೆ ನನಗಿಂತ ಗಟ್ಟಿ ಇದ್ದಾರೆ. ಶುಗರ್ ಉಂಟು, ಮಾತ್ರೆ ತಿನ್ನುತ್ತಾರೆ, ನಡೆಯುತ್ತಾರೆ. ಕಾಯಿಲೆ ಇಲ್ಲದವರಲ್ಲ. ಆದರೆ ತನಗೆ ಇನ್ನೂ ಕೆಲಸ ಉಂಟು ಅಂತ ನಂಬಿದವರು.

ಇಲ್ಲಿ ಒಂದು ಎಚ್ಚರಿಕೆ. ಒಳ್ಳೆಯದನ್ನು ಯೋಚಿಸುವುದು ಅಂದರೆ "ಎಲ್ಲ ಸರಿಯಾಗುತ್ತದೆ" ಅಂತ ಬಿಪಿ ಮಾತ್ರೆ ಬಿಡುವುದಲ್ಲ. ಒಂಟೆಯನ್ನು ಕಟ್ಟಿದ ಮೇಲೆ ತವಕ್ಕುಲ್ ಇಡು ಎಂಬ ಪ್ರವಾದಿ ಸ.ಅ. ಅವರ ಬೋಧನೆಯನ್ನು ನಾವು ಮದ್ರಸದಲ್ಲೇ ಕಲಿತವರು. ಕಟ್ಟದೆ ಬಿಟ್ಟು ಭರವಸೆ ಇಡುವುದು ಭರವಸೆಯಲ್ಲ, ಉದಾಸೀನ. ಸಾಲವನ್ನು ಮುಚ್ಚಿಟ್ಟು ಫೋನಿನಲ್ಲಿ "ಸುಖ" ಅನ್ನುವುದೂ ಹಾಗೆಯೇ.

ನನ್ನ ಕಥೆಗೆ ಮರಳಿ ಬರುತ್ತೇನೆ. ಕ್ಲಿನಿಕ್ಕಿನಿಂದ ಬಂದ ಒಂದು ವಾರದ ನಂತರ, ಒಂದು ಶುಕ್ರವಾರ ಜುಮಾ ಮುಗಿಸಿ ಬಂದು, ರೂಮಿನವರೆಲ್ಲ ಮಲಗಿದ ಮೇಲೆ, ಮೆಟ್ಟಿಲಿನ ಮೇಲೆ ಕೂತು ಹೆಂಡತಿಗೆ ಫೋನ್ ಮಾಡಿ ಎಲ್ಲ ಹೇಳಿದೆ. 9 ಲಕ್ಷ, 4 ಲಕ್ಷ, ಎಲ್ಲ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದಳು: "ನನಗೆ ಗೊತ್ತಿತ್ತು. ಮೊದಲು ನೀವು ಟೈಲ್ಸಿನ ರೇಟು ಕೂಡ ನೂರು ಸಲ ಕೇಳುತ್ತಿದ್ದಿರಿ. ಐದಾರು ತಿಂಗಳಿಂದ ಏನೂ ಕೇಳುತ್ತಿಲ್ಲ. ಹಣದ ಮಾತೇ ಬೇಡ ಅನ್ನುವ ಹಾಗೆ ಇದ್ದೀರಿ." ಮತ್ತೆ ಅವಳು ಅಳಲಿಕ್ಕೆ ಶುರುಮಾಡಿದಳು. ಮಗಳ ಕಾಲೇಜಿನ ಹಣಕ್ಕೆ ಅಂತ ನಾನು ತಿಳಿದೆ. ಅದಕ್ಕಲ್ಲ. ಅವಳಲ್ಲೂ ಒಂದು ಗುಟ್ಟು ಇತ್ತು. ನನ್ನ ಉಮ್ಮ ಎರಡು ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಕೈಗೆ ಪ್ಲಾಸ್ಟರ್ ಹಾಕಿ ತೆಗೆದೂ ಆಗಿತ್ತು. "ದೂರದಲ್ಲಿರುವವನಿಗೆ ಹೇಳಬೇಡ, ಅವನಿಗೆ ಟೆನ್ಶನ್ ಆಗುತ್ತದೆ" ಅಂತ ಉಮ್ಮನೇ ಹೇಳಿದ್ದರಂತೆ.

ಯೋಚನೆ ಮಾಡಿ. ಒಂದೇ ಮನೆಯ ಮೂರು ಜನ, ಒಬ್ಬರಿಗೊಬ್ಬರು ಟೆನ್ಶನ್ ಆಗಬಾರದು ಅಂತ, ಮೂರು ಕಡೆ ಒಬ್ಬೊಬ್ಬರೇ ಟೆನ್ಶನ್ ಮಾಡಿಕೊಂಡು ಕೂತಿದ್ದೆವು. ಎಲ್ಲರೂ "ಸುಖ" ಹೇಳುತ್ತಿದ್ದೆವು.

ಆ ದಿನ ಸಾಲ ಒಂದು ರೂಪಾಯಿಯೂ ಕಡಿಮೆಯಾಗಲಿಲ್ಲ. ಆದರೆ ಆ ರಾತ್ರಿ ನಾನು ಫಜ್ರಿನ ಬಾಂಗಿನವರೆಗೆ ನಿದ್ದೆ ಮಾಡಿದೆ. ಮುಂದಿನ ವಾರ ಇಬ್ಬರೂ ಕೂತು ಲೆಕ್ಕ ಬರೆದೆವು. ಅವಳು ಅಲ್ಲಿ ಮಗನ ನೋಟ್‌ಬುಕ್ಕಿನಲ್ಲಿ, ನಾನು ಇಲ್ಲಿ. ಮಹಡಿಯ ಕೆಲಸ ನಿಲ್ಲಿಸಿದೆವು. ಕಾಂಪೌಂಡು ಗೋಡೆ ಮುಂದೆ ನೋಡುವ ಅಂದೆವು. ಸ್ನೇಹಿತರಿಬ್ಬರಿಗೂ ವಿಷಯ ಹೇಳಿ ತಿಂಗಳಿಗೆ 30 ಸಾವಿರದಂತೆ ಕೊಡುತ್ತಾ ಬಂದೆ. 30 ತಿಂಗಳಲ್ಲಿ 9 ಲಕ್ಷ ಮುಗಿಯಿತು, ಅಲ್‌ಹಮ್ದುಲಿಲ್ಲಾಹ್. ಈಗ ಮಗಳ ಹಣ ಮತ್ತೆ ಕೂಡಿಸುತ್ತಿದ್ದೇವೆ. ಬಿಪಿ ಪೂರ್ತಿ ಹೋಯಿತಾ? ಇಲ್ಲ. ದಿನಾ ಒಂದು ಮಾತ್ರೆ ಈಗಲೂ ತಿನ್ನುತ್ತೇನೆ. ಆದರೆ ಎರಡು ಗಂಟೆಯ ಎಚ್ಚರ ಹೋಗಿದೆ.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1938ರಲ್ಲಿ ಶುರುವಾದ ಒಂದು ಅಧ್ಯಯನ ಇನ್ನೂ ನಡೆಯುತ್ತಿದೆ. 724 ಗಂಡಸರನ್ನು ಯೌವನದಿಂದ ಮುಪ್ಪಿನವರೆಗೆ ಗಮನಿಸಿದರು. 50ರ ವಯಸ್ಸಿನಲ್ಲಿ ಯಾರಿಗೆ ತಮ್ಮವರ ಜೊತೆಗಿನ ಸಂಬಂಧದಲ್ಲಿ ತೃಪ್ತಿ ಇತ್ತೋ, ಅವರೇ 80ರಲ್ಲಿ ಹೆಚ್ಚು ಆರೋಗ್ಯವಾಗಿದ್ದರು ಎಂಬುದು ಅವರಿಗೆ ಕಂಡ ದೊಡ್ಡ ಸಂಗತಿ. ನಾವು ಸಂಬಂಧಗಳಿಂದ ಸಾವಿರಾರು ಕಿಲೋಮೀಟರ್ ದೂರ ಇದ್ದೇವೆ. ಹಾಗಾದರೆ ಫೋನಿನಲ್ಲಾದರೂ ನಿಜ ಮಾತಾಡಬೇಕು ಅಲ್ವಾ?

ಇನ್ನು ಮಾಡಬಹುದಾದ ಕೆಲವು ಕೆಲಸ ಹೇಳಿ ಮುಗಿಸುತ್ತೇನೆ.

ಒಂದು, ತಿಂಗಳಿಗೊಮ್ಮೆ ಒಂದು "ಲೆಕ್ಕದ ಫೋನ್" ಇಟ್ಟುಕೊಳ್ಳಿ. ದಿನಾ ಕಷ್ಟ ಹೇಳುವುದು ಬೇಡ, ದಿನಾ ಮುಚ್ಚಿಡುವುದೂ ಬೇಡ. ಸಂಬಳ ಕಳಿಸಿದ ವಾರದಲ್ಲಿ ಒಂದು ದಿನ, ಗಂಡ ಹೆಂಡತಿ ಇಬ್ಬರೇ, ಸಾಲ ಎಷ್ಟು, ಖರ್ಚು ಎಷ್ಟು, ಮನೆಯಲ್ಲಿ ಯಾರಿಗೆ ಹುಷಾರಿಲ್ಲ, ಎಲ್ಲ ಹೇಳಿ. ಉಳಿದ ದಿನ ಮಕ್ಕಳ ಜೊತೆ ನಗುತ್ತಾ ಮಾತಾಡಿ.

ಎರಡು, ನಿಮ್ಮ ಕೊನೆಯ ಲೆಕ್ಕ ಈಗಲೇ ತಿಳಿದುಕೊಳ್ಳಿ. ಸೌದಿ ಕಾರ್ಮಿಕ ಕಾನೂನಿನಂತೆ ಸರ್ವಿಸ್ ಮುಗಿದಾಗ ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲಿನ ಪ್ರತಿ ವರ್ಷಕ್ಕೆ ಒಂದು ತಿಂಗಳ ಸಂಬಳ ಸಿಗಬೇಕು. 3,000 ರಿಯಾಲ್ ಸಂಬಳದವನು 12 ವರ್ಷ ದುಡಿದರೆ 7,500 ಮತ್ತು 21,000, ಒಟ್ಟು 28,500 ರಿಯಾಲ್. ರಾಜೀನಾಮೆ ಕೊಟ್ಟು ಹೋಗುವವರಿಗೆ ಎರಡು ವರ್ಷದೊಳಗೆ ಏನೂ ಇಲ್ಲ, ಹತ್ತು ವರ್ಷ ತುಂಬಿದರೆ ಪೂರ್ತಿ, ನಡುವೆ ಅದರ ಒಂದು ಭಾಗ. ಎಷ್ಟೋ ಜನರಿಗೆ ಈ ಲೆಕ್ಕವೇ ಗೊತ್ತಿಲ್ಲ, ಕತ್ತಲೆಯಲ್ಲಿ ಹೆದರುತ್ತಾರೆ. ಹೆದರಿಕೆಗೆ ಒಂದು ಅಂಕಿ ಸಿಕ್ಕಿದರೆ ಅದು ಅರ್ಧ ಕಡಿಮೆಯಾಗುತ್ತದೆ. ಯಾರಿಗಾದರೂ ಲೆಕ್ಕ ಹಾಕಿಕೊಡಬೇಕಾದರೆ ಸಂಬಳದ ಕಾಗದ ಹಿಡಿದುಕೊಂಡು ನನ್ನ ಹತ್ತಿರ ಬನ್ನಿ, ಚಹಾ ನನ್ನದು.

ಮೂರು, ಊರಿಗೆ ಹೋಗುವ ವರ್ಷ ಬರೆದಿಡಿ. ಬದಲಾದರೆ ಬದಲಾಗಲಿ. ಹೋಗಿ ಏನು ಮಾಡುತ್ತೀರಿ ಅಂತಲೂ ಬರೆಯಿರಿ. ಬಸಳೆ ಚಪ್ಪರವಾದರೂ ಸರಿ.

ನಾಲ್ಕು, ವರ್ಷಕ್ಕೊಮ್ಮೆ ಬಿಪಿ, ಶುಗರ್ ನೋಡಿಸಿ. ಮಾತ್ರೆ ಕೊಟ್ಟರೆ ಡಾಕ್ಟರನ್ನು ಕೇಳದೆ ಬಿಡಬೇಡಿ. ಇಶಾ ನಮಾಜಿನ ನಂತರ ಅರ್ಧ ಗಂಟೆ ನಡೆಯಿರಿ. ಮಲಗುವಾಗ ಮೊಬೈಲು ದೂರ ಇಡಿ. ರಾತ್ರಿ ಒಂದು ಗಂಟೆಯವರೆಗೆ ವಿಡಿಯೋ ನೋಡಿ "ನಿದ್ದೆ ಬರುವುದಿಲ್ಲ" ಅನ್ನುವವರಿಗೆ ನಾನೇನು ಹೇಳಲಿ!

ಐದು, ರೂಮಿನವನನ್ನು ಎರಡನೆಯ ಸಲ ಕೇಳಿ. "ಸುಖವಾ?" ಅಂದರೆ ಮೊದಲ ಸಲ ಎಲ್ಲರೂ "ಸುಖ" ಅನ್ನುತ್ತಾರೆ. ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗುವವನ ಹತ್ತಿರ ಕೂತು, "ನಿಜ ಹೇಳು ಮಾರಾಯ, ಎಂತ ಆಯ್ತು?" ಅಂತ ಕೇಳಿ. ಮನಸ್ಸಿನ ನೋವು ವಾರಗಟ್ಟಲೆ ಬಿಡದಿದ್ದರೆ ಅದಕ್ಕೂ ಡಾಕ್ಟರು ಇದ್ದಾರೆ, ಅದರಲ್ಲಿ ನಾಚಿಕೆ ಏನೂ ಇಲ್ಲ. ಊರಲ್ಲಿರುವ ಮನೆಯವರು ಭಾರತ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು. ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ.

ಸಹೋದರಿಯರಲ್ಲಿ ಒಂದು ವಿನಂತಿ. ಗಂಡ ಫೋನ್ ಮಾಡಿದ ಕೂಡಲೇ ಸಾಮಾನಿನ ಪಟ್ಟಿಯಿಂದ ಶುರು ಮಾಡಬೇಡಿ. ಹಾಗಂತ ಕಷ್ಟವನ್ನು ಮುಚ್ಚಿಯೂ ಇಡಬೇಡಿ. ಈ ಪತ್ರಿಕೆ ಊರಿಗೂ ಹೋಗುತ್ತದೆ, ಅಲ್ಲಿ ಓದುವ ಉಮ್ಮಂದಿರಿಗೂ ಇದೇ ಮಾತು. ಜಾರಿ ಬಿದ್ದರೆ ಹೇಳಿ. ನಮಗೆ ಬೇಸರ ಆಗುತ್ತದೆ, ಹೌದು. ಆದರೆ ಎರಡು ತಿಂಗಳ ಮೇಲೆ ಗೊತ್ತಾಗುವ ಬೇಸರ ಅದಕ್ಕಿಂತ ದೊಡ್ಡದು.

ಹಣ ಉಳಿಸಲಿಕ್ಕೆ ಅಂತ ನಾವು ಸಮುದ್ರ ದಾಟಿ ಬಂದೆವು. ಉಳಿಸಿದ ಹಣವನ್ನು ಅನುಭವಿಸಲಿಕ್ಕೆ ನಾವೂ ಉಳಿಯಬೇಕಲ್ಲ? ಇವತ್ತು ರೂಮಿಗೆ ಹೋದ ಮೇಲೆ, ಮಲಗುವ ಮೊದಲು, ಇಷ್ಟು ದಿನ ಹೇಳದೆ ಇಟ್ಟುಕೊಂಡ ಒಂದು ವಿಷಯವನ್ನು ಮನೆಗೆ ಫೋನ್ ಮಾಡಿ ಹೇಳಿ. ಒಂದೇ ಒಂದು ಸಾಕು. ಊರಲ್ಲಿ ಆಗ ತಡ ಆಗಿರಬಹುದು, ಆದರೆ ಫೋನ್ ಎತ್ತುತ್ತಾರೆ. ಅವರಿಗೂ ನಿದ್ದೆ ಬಂದಿರುವುದಿಲ್ಲ.

ನಮ್ಮೆಲ್ಲರಿಗೂ, ಊರಲ್ಲಿರುವ ನಮ್ಮ ಹಿರಿಯರಿಗೂ ಅಲ್ಲಾಹನು ಆರೋಗ್ಯವಿರುವ ದೀರ್ಘಾಯುಷ್ಯ ಕರುಣಿಸಲಿ, ಆಮೀನ್.

ಅಸ್ಸಲಾಮು ಅಲೈಕುಂ.